ತಪ್ಪಿದ ಗಟ್ಟಿಮೇಳ

“ನಾನು ದುಡ್ಡಿಗೆ ಊದುವವನಲ್ಲ” ಎಂಬ ಮಾತನ್ನು ಕೋಲ್ಕತ್ತಾಕ್ಕೆ ಬಂದ ಮೇಲೆ ಎಷ್ಟು ಸಲ ಹೇಳಿದ್ದೇನೋ ನನಗೇ ನೆನಪಿಲ್ಲ. ಬ್ಯಾಂಕಿನ ಸಹೋದ್ಯೋಗಿಗಳಿಗೆ ಹೇಳಿದ್ದೇನೆ. ಇಲ್ಲಿನ ಕನ್ನಡಿಗರು ಸೇರಿ ಮಾಡುವ ರಾಜ್ಯೋತ್ಸವದಲ್ಲಿ ಲಕೋಟೆ ಹಿಡಿದು ಬಂದವರಿಗೆ ಹೇಳಿದ್ದೇನೆ. ಗರಿಯಾಹಾಟ್ ಮಾರುಕಟ್ಟೆಯಲ್ಲಿ ಮೀನು ಆರಿಸುತ್ತಾ ಪಕ್ಕದಲ್ಲಿ ನಿಂತಿದ್ದ ಅಪರಿಚಿತರೊಬ್ಬರಿಗೂ ಹೇಳಿದ್ದುಂಟು. ಅವರೇನೂ ಕೇಳಿರಲಿಲ್ಲ, ಪಾಪ. ಈ ಮಾತು ಹೇಳುವಾಗ ನನ್ನ ಕತ್ತು ಒಂದು ಇಂಚು ಉದ್ದವಾಗುತ್ತದೆ ಎನ್ನುವುದು ನನ್ನ ಹೆಂಡತಿಯ ತಕರಾರು. “ಆಯ್ತು ಮಾರಾಯ್ರೆ, ನೀವು ಖುಷಿಗೆ ಊದುವವರು, ಊರಿಗೆಲ್ಲ ಗೊತ್ತಾಯ್ತು. ಈಗ ಆ ಗ್ಯಾಸಿನವನಿಗೆ ಒಂದು ಫೋನ್ ಮಾಡಿ” ಎನ್ನುತ್ತಾಳೆ.

ನಾನು ಊದುವುದು ಸ್ಯಾಕ್ಸೋಫೋನ್. ಊರು ಮಂಗಳೂರಿನ ಕಡೆ. ನಮ್ಮಲ್ಲಿ ಸ್ಯಾಕ್ಸೋಫೋನ್ ಎಂದರೆ ದೊಡ್ಡ ಹೋಟೆಲಿನ ಮಂದ ಬೆಳಕಿನಲ್ಲಿ ಊದುವ ವಾದ್ಯವಲ್ಲ. ದೇವಸ್ಥಾನದ ಉತ್ಸವಕ್ಕೂ ಮದುವೆಯ ಮಂಟಪಕ್ಕೂ ಬೇಕಾದ ಮಂಗಳವಾದ್ಯ ಅದು. ಅದರ ಜೊತೆಗೆ ಡೋಲು, ತಾಳ, ಶ್ರುತಿ ಸೇರಿದರೆ ಓಲಗವಾಯಿತು. ನನ್ನ ಅಪ್ಪ ಓಲಗದವರು. ಮದುವೆ ಯಾರದ್ದೇ ಇರಲಿ, ಬೆಳಕು ಹರಿಯುವ ಮೊದಲೇ ಅವರು ಮಂಟಪದ ಪಕ್ಕದ ಚಾಪೆಯ ಮೇಲೆ ಹಾಜರು. ಶಾಲೆಗೆ ರಜೆ ಇದ್ದಾಗ ತಾಳ ಹಾಕಲು ನಾನೂ ಹೋಗುತ್ತಿದ್ದೆ. ಊಟಕ್ಕೆ ನಮ್ಮದು ಕಡೆಯ ಪಂಕ್ತಿ. “ಓಲಗದವರು ಸ್ವಲ್ಪ ತಡೀರಿ, ಇನ್ನೂ ನೆಂಟರೇ ಮುಗೀಲಿಲ್ಲ” ಎಂದು ಯಾರೋ ಒಬ್ಬರು ಬಂದು ಹೇಳಿ ಹೋಗುತ್ತಿದ್ದರು. ನಮಗೆ ಎಲೆ ಹಾಕುವ ಹೊತ್ತಿಗೆ ಪಾಯಸದ ಪಾತ್ರೆಯ ತಳ ಕಾಣುತ್ತಿತ್ತು. ಅಪ್ಪ ಏನೂ ಅನ್ನುತ್ತಿರಲಿಲ್ಲ. ನನಗೆ ಮಾತ್ರ ಮೈ ಉರಿಯುತ್ತಿತ್ತು.

ಅಪ್ಪ ನನಗೆ ವಾದ್ಯ ಕಲಿಸಿದರು, ಬೈದೂ ಹೊಡೆದೂ ಕಲಿಸಿದರು. ಆದರೆ ನಾನು ಡಿಗ್ರಿ ಮುಗಿಸಿದ ದಿನ ಹೇಳಿದ್ದು ಇಷ್ಟೇ: “ನೀನು ಬ್ಯಾಂಕಿನ ಪರೀಕ್ಷೆ ಬರಿ. ಇದು ನಿನ್ನ ಖುಷಿಗೆ ಇರ್ಲಿ.” ಬರೆದೆ, ಪಾಸಾದೆ. ಬ್ಯಾಂಕು ನನ್ನನ್ನು ದೇಶವೆಲ್ಲ ಸುತ್ತಿಸಿ ಕೊನೆಗೆ ಬಿಬಿಡಿ ಬಾಗ್‌ನ ಒಂದು ಹಳೆಯ ಕಟ್ಟಡದಲ್ಲಿ ತಂದು ಕೂರಿಸಿತು. ಹೆಂಡತಿಗೆ ಇಲ್ಲಿಯೇ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಗರಿಯಾಹಾಟ್‌ನ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ, ಅದರ ಮೇಲೆ ಛಾದ್. ತಾರಸಿಗೆ ಇಲ್ಲಿನವರು ಹೇಳುವ ಹೆಸರು ಅದು. ನಮ್ಮ ಮನೆಯ ಕನ್ನಡದಲ್ಲಿ ಈಗ ತಾರಸಿ ಎಂಬ ಮಾತೇ ಇಲ್ಲ. ಸಂಜೆ ಆಫೀಸಿನಿಂದ ಬಂದವನೇ ಬೂಟು ಬಿಚ್ಚಿ, ವಾದ್ಯ ಎತ್ತಿಕೊಂಡು ಛಾದಿಗೆ ಹತ್ತುತ್ತಿದ್ದೆ. ಒಂದು ಗಂಟೆ. ಒಣಗಲು ಹಾಕಿದ ಸೀರೆಗಳ ನಡುವೆ ಕಣ್ಣು ಮುಚ್ಚಿ ನಿಂತು ಊದಿದರೆ, ದಿನವಿಡೀ ಸಾಲದ ಕಡತ ನೋಡಿದ ಮಂಡೆಬಿಸಿಯೆಲ್ಲ ಇಳಿದುಹೋಗುತ್ತಿತ್ತು. ಕೆಳಗಿನ ಮನೆಯ ಯಜಮಾನಿ, ನಾವು ಮಾಶಿಮಾ ಎಂದು ಕರೆಯುವ ವೃದ್ಧೆ, ಕುರ್ಚಿ ಹಾಕಿಸಿಕೊಂಡು ಕೇಳುತ್ತಿದ್ದರು. ಆ ಒಂದು ಗಂಟೆಗಾಗಿಯೇ ನಾನು ಉಳಿದ ಇಪ್ಪತ್ಮೂರು ಗಂಟೆ ತಳ್ಳುತ್ತಿದ್ದೆ ಎಂದರೂ ನಡೆಯುತ್ತದೆ.

ಆಮೇಲೆ ಒಂದು ಬುದ್ಧಿವಂತಿಕೆ ಮಾಡಿದೆ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇರುವಾಗಲೇ ಸ್ವಯಂನಿವೃತ್ತಿ ತೆಗೆದುಕೊಂಡೆ. ಒಂದು ಗಂಟೆಗೇ ಇಷ್ಟು ಖುಷಿಯಾದರೆ ಇಡೀ ದಿನಕ್ಕೆ ಎಷ್ಟಾಗಬೇಕು ಎಂದು ನನ್ನ ಎಣಿಕೆ. ಬ್ಯಾಂಕಿನವನ ತಲೆ ನೋಡಿ! ಮೊದಲ ತಿಂಗಳು ಬೆಳಿಗ್ಗೆಯೂ ಊದಿದೆ, ಸಂಜೆಯೂ ಊದಿದೆ. ಎರಡನೆಯ ತಿಂಗಳು ವಾದ್ಯದ ಪೆಟ್ಟಿಗೆ ತೆರೆಯಲು ಬೇಸರ. ಮೂರನೆಯ ತಿಂಗಳಿಗೆ ಛಾದಿಗೆ ಹತ್ತುವುದು, ಎರಡು ಸ್ವರ ಹಿಡಿಯುವುದು, ಇಳಿಯುವುದು. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎರಡು ಸಲ ಸುಮ್ಮಸುಮ್ಮನೆ ಬಸ್ಸು ಹತ್ತಿ ಬಿಬಿಡಿ ಬಾಗ್‌ವರೆಗೆ ಹೋಗಿ, ಅಲ್ಲಿನ ಫುಟ್‌ಪಾತಿನಲ್ಲಿ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದು ಬಂದೆ. ಹೆಂಡತಿಗೆ ಹೇಳಲಿಲ್ಲ. ಯಾರೂ ನನಗಾಗಿ ಕಾಯುತ್ತಿಲ್ಲ, ನಾನು ಇಂದು ಊದದಿದ್ದರೆ ಯಾರಿಗೂ ಏನೂ ಆಗುವುದಿಲ್ಲ ಎಂಬುದು ನನ್ನನ್ನು ಒಳಗಿನಿಂದ ತಿನ್ನುತ್ತಿತ್ತು.

ಅಂಥ ಒಂದು ಬೆಳಿಗ್ಗೆ ಮನೆಗೆ ಬಂದವರು ಆ ಕಂಟ್ರಾಕ್ಟರು. ಲೇಕ್ ಮಾರ್ಕೆಟ್ಟಿನ ತಮಿಳರು, ಬೆಂಗಳೂರಿನಲ್ಲಿ ಓದಿದ್ದರಿಂದ ಕನ್ನಡ ಸಲೀಸು. ಈ ನಗರದ ದಕ್ಷಿಣದವರ ಮದುವೆಗಳಿಗೆ ಮಂಟಪ, ಹೂವು, ಅಡುಗೆ, ಪುರೋಹಿತರು, ಎಲ್ಲವನ್ನೂ ಒದಗಿಸುವವರು ಅವರೇ. ರಾಜ್ಯೋತ್ಸವದಲ್ಲಿ ನನ್ನನ್ನು ಕೇಳಿದ್ದರಂತೆ.

“ಸಾರ್, ಮದ್ರಾಸಿಂದ ನಾದಸ್ವರದವರನ್ನ ಕರ್ಸೋದ್ರಲ್ಲೇ ನಾನು ಸುಸ್ತಾಗೋಗ್ತೀನಿ. ಒಂದ್ಸಲ ಟ್ರೇನ್ ಲೇಟು, ಇನ್ನೊಂದ್ಸಲ ಜ್ವರ. ನೀವು ಇಲ್ಲೇ ಇದ್ದೀರ. ಈ ಸೀಸನ್ ಪೂರ್ತಿ ನೀವೇ ಮಾಡಿ. ಒಳ್ಳೆ ದುಡ್ಡು ಕೊಡ್ತೀನಿ.”

ನನ್ನ ಕತ್ತು ಉದ್ದವಾಯಿತು. ಎಂದಿನ ಮಾತು ಹೇಳಿದೆ. ಅವರು ನಕ್ಕರು.

“ಯೋಚ್ನೆ ಮಾಡಿ ಸಾರ್. ಈ ತಿಂಗಳು ಗಾರ್ಡನ್ ರೀಚಲ್ಲಿ ನಿಮ್ ಕಡೆಯವರದ್ದೇ ಒಂದು ಮದ್ವೆ ಇದೆ. ಅದನ್ನ ನುಡಿಸಿ. ಆಮೇಲೆ ಹೂಂ ಅಂತೀರೋ ಊಹೂಂ ಅಂತೀರೋ ಹೇಳಿ.”

ಅವರು ಹೋದ ಮೇಲೆ ನನಗೆ ನೆಮ್ಮದಿ ಎಂಬುದೇ ಇಲ್ಲ. ಬೇಡ ಎನ್ನಲು ಬಾಯಿ ಬರುತ್ತಿತ್ತು, ಮನಸ್ಸು ಬರುತ್ತಿರಲಿಲ್ಲ. ಪಿಂಚಣಿ ಬರುತ್ತದೆ, ದುಡ್ಡಿನ ಅಗತ್ಯವಿಲ್ಲ. ಆದರೂ ಯಾರೋ ಒಬ್ಬರು ಇಂಥ ದಿನ, ಇಂಥ ಹೊತ್ತಿಗೆ ಬನ್ನಿ ಎಂದು ಕರೆದದ್ದು ಕಿವಿಯಲ್ಲಿ ಉಳಿದುಬಿಟ್ಟಿತು. ಮರುಕ್ಷಣವೇ ಕಡೆಯ ಪಂಕ್ತಿ ನೆನಪಾಗಿ ಸಿಟ್ಟು ಬರುತ್ತಿತ್ತು. ಅಪ್ಪ ನನ್ನನ್ನು ಆ ಚಾಪೆಯಿಂದ ಎಬ್ಬಿಸಲು ಅಷ್ಟು ಕಷ್ಟಪಟ್ಟರು. ನಾನೀಗ ಪಿಂಚಣಿ ತೆಗೆದುಕೊಂಡು ಮತ್ತೆ ಅದೇ ಚಾಪೆಯ ಮೇಲೆ ಹೋಗಿ ಕೂರುವುದೇ?

“ಕೂರಿ, ಇಲ್ಲ ಬಿಡಿ. ಎರಡರಲ್ಲಿ ಒಂದು ಮಾಡಿ. ಹೀಗೆ ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆ ಸುತ್ತಬೇಡಿ” ಎಂದಳು ಹೆಂಡತಿ.

ಆ ವಾರವೇ ಗಾರ್ಡನ್ ರೀಚಿನಿಂದ ಮದುಮಗಳ ತಂದೆ ಬಂದರು. ಹಡಗು ಕಟ್ಟುವ ಕಾರ್ಖಾನೆಯಲ್ಲಿ ಎಂಜಿನಿಯರು, ಮೃದು ಮಾತಿನ ಮನುಷ್ಯ. “ನನಗೇನೂ ಅಂಥ ಹಟ ಇಲ್ಲ ಸರ್. ನನ್ನ ಅಮ್ಮನದ್ದು ಒಂದೇ ಮಾತು. ಬಂಗಾಳದಲ್ಲಿ ಮದುವೆ ಮಾಡು, ಎಲ್ಲಿ ಬೇಕಾದರೂ ಮಾಡು, ಆದರೆ ಧಾರೆಯ ಹೊತ್ತಿಗೆ ನಮ್ಮ ಕಡೆಯ ಓಲಗ ಆಗಲೇಬೇಕು ಅಂತ” ಎಂದು ಕೈಚೀಲದಿಂದ ಲಕೋಟೆ ತೆಗೆದರು.

“ಛೆ ಛೆ, ಅದನ್ನು ಒಳಗಿಡಿ. ನಾನು ಖುಷಿಗೆ ಬರ್ತೇನೆ. ನಮ್ಮೂರಿನ ಹುಡುಗಿಯ ಮದುವೆ” ಎಂದೆ.

ಅವರು ಎರಡು ಸಲ ಒತ್ತಾಯಿಸಿದರು. ನಾನು ಎರಡು ಸಲವೂ ದೊಡ್ಡ ಮನುಷ್ಯನಾದೆ. ಅವರು ಕೈಮುಗಿದು ಹೊರಟರು. ಕಂಟ್ರಾಕ್ಟರಿಗೆ ಮಾತ್ರ, ಇದೊಂದು ಆಗಲಿ, ಆಮೇಲೆ ನನ್ನ ತೀರ್ಮಾನ ಹೇಳುತ್ತೇನೆ ಎಂದೆ. ತೀರ್ಮಾನ ನನ್ನ ಕೈಯಲ್ಲಿದೆ ಎಂದೇ ಆಗ ನಾನು ತಿಳಿದಿದ್ದೆ.

ಡೋಲಿನವರು ಇಲ್ಲಿ ಎಲ್ಲಿ ಸಿಗಬೇಕು? ಕಂಟ್ರಾಕ್ಟರು ಒಬ್ಬ ಢಾಕಿಯನ್ನು ಕಳಿಸಿದರು. ದುರ್ಗಾಪೂಜೆಯಲ್ಲಿ ಹೆಗಲಿಗೆ ದೊಡ್ಡ ಢಾಕು ನೇತುಹಾಕಿಕೊಂಡು ಬಾರಿಸುತ್ತಾರಲ್ಲ, ಅವರು. ಬಿಳಿ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಛಾದಿನ ಮೇಲೆ ಮೂರು ದಿನ ಅಭ್ಯಾಸ ನಡೆಯಿತು. ಅವರಿಗೆ ಮುಖ್ಯವಾಗಿ ಗಟ್ಟಿಮೇಳ ಕಲಿಸಬೇಕಿತ್ತು. ತಾಳಿ ಕಟ್ಟುವ ಗಳಿಗೆಯಲ್ಲಿ ಪುರೋಹಿತರು ಕೈ ಎತ್ತಿ ಬೆರಳು ತಿರುಗಿಸುತ್ತಾರೆ. ಆಗ ಅಲ್ಲಿಯವರೆಗೆ ನುಡಿಸುತ್ತಿದ್ದದ್ದನ್ನು ಅಲ್ಲಿಯೇ ಬಿಟ್ಟು, ಇದ್ದ ಬಲವನ್ನೆಲ್ಲ ಹಾಕಿ, ಜೋರಾಗಿ, ವೇಗವಾಗಿ ಬಾರಿಸಬೇಕು, ಊದಬೇಕು. ಆ ಗಳಿಗೆಯಲ್ಲಿ ಯಾರಾದರೂ ಸೀನಿದರೂ, ಅಪಶಕುನದ ಮಾತಾಡಿದರೂ ಮದುಮಕ್ಕಳ ಕಿವಿಗೆ ಬೀಳಬಾರದು ಎಂದು ಈ ಪದ್ಧತಿ. ಹಿಂದೆ ಕುಳಿತವರಿಗೂ ಅದೇ ಸೂಚನೆ, ಅಕ್ಷತೆ ಎರಚಿ ಎಂದು.

ಮುರುಕು ಹಿಂದಿಯಲ್ಲಿ ಇಷ್ಟನ್ನೂ ವಿವರಿಸಿದೆ. ಅವರು ತಲೆಯಾಡಿಸಿ, “ಪುರುತ್ ಕೈ ಎತ್ತಿದ ಕೂಡಲೇ ನಾನು ಶುರು ಮಾಡಲೇ?” ಎಂದು ಕೇಳಿದರು. ಪುರೋಹಿತರು ಅವರ ಬಾಯಲ್ಲಿ ಪುರುತ್.

“ಬೇಡ, ಬೇಡ. ನೀವು ನನ್ನನ್ನೇ ನೋಡುತ್ತಿರಿ. ನಾನು ಭುಜ ಎತ್ತಿದಾಗ ಶುರು ಮಾಡಿ” ಎಂದೆ. ಅವರಿಗೆ ಇದು ಬೇರೆ ನಾಡಿನ ಮದುವೆ, ಹೆಚ್ಚುಕಮ್ಮಿ ಆಗಬಾರದು ಎಂಬ ಎಚ್ಚರ ನನ್ನದು.

ಮದುವೆಯ ಬೆಳಿಗ್ಗೆ ಗಾರ್ಡನ್ ರೀಚಿನ ಸಭಾಂಗಣ ತುಂಬಿತ್ತು. ನಮಗೆ ಚಾಪೆಯಲ್ಲ, ಹೂವಿನಿಂದ ಅಲಂಕರಿಸಿದ ಪುಟ್ಟ ವೇದಿಕೆ. ಮೈಕು, ಅದರ ಪಕ್ಕದಲ್ಲೇ ಆಳೆತ್ತರದ ಸ್ಪೀಕರು. ಬಂದವರೆಲ್ಲ ನನ್ನನ್ನು ಮಾತಾಡಿಸಿದರು, ಕಾಫಿ ತಂದುಕೊಟ್ಟರು. ಓಲಗ ಬೇಕೆಂದು ಹಟ ಹಿಡಿದಿದ್ದ ಮದುಮಗಳ ಅಜ್ಜಿ ಮೊಮ್ಮಗನ ಕೈ ಹಿಡಿದುಕೊಂಡು ಬಂದು ವಾದ್ಯವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. “ಅಬ್ಬ, ಎಷ್ಟು ವರ್ಷ ಆಯ್ತು ಮಾರಾಯ್ರೆ ಇದನ್ನು ಕೇಳದೆ! ಚಂದ ಆಗ್ಲಿ” ಎಂದರು. ನನಗೆ ಹುರುಪು ಬಂದುಬಿಟ್ಟಿತು. ಕೆಲವು ತಿಂಗಳಿಂದ ಕಳೆದುಹೋಗಿದ್ದ ಉಸಿರು ವಾಪಸು ಬಂದ ಹಾಗಾಯಿತು.

ನಿಜ ಹೇಳುತ್ತೇನೆ, ಆವತ್ತು ನುಡಿಸಿದ ಹಾಗೆ ನಾನು ಜೀವನದಲ್ಲೇ ನುಡಿಸಿಲ್ಲ. ಮುಹೂರ್ತ ಹತ್ತಿರವಾದಾಗ ಆನಂದಭೈರವಿಗೆ ಕೈ ಹಾಕಿದೆ. ಎರಡು ಸುತ್ತು ಹೋಗುವಷ್ಟರಲ್ಲಿ ಅದು ನನ್ನನ್ನೇ ಎಳೆದುಕೊಂಡು ಹೋಯಿತು. ಎಲ್ಲಿದ್ದೇನೆ, ಯಾರ ಮದುವೆ, ಎದುರು ಯಾರು, ಒಂದೂ ಇಲ್ಲ. ಸ್ಪೀಕರಿನ ಪಕ್ಕದಲ್ಲಿ ನನ್ನ ಸ್ವರವೇ ನನ್ನನ್ನು ತುಂಬಿಕೊಂಡಿತ್ತು. ಒಂದು ಸ್ವರದ ಮೇಲೆ ಬಹಳ ಹೊತ್ತು ನಿಂತು, ಅದನ್ನು ನಿಧಾನವಾಗಿ ಸಣ್ಣ ಮಾಡುತ್ತಾ ಬಂದು, ಸುಮ್ಮನಾದೆ. ನನ್ನನ್ನೇ ನೋಡುತ್ತಿದ್ದ ಢಾಕಿಯೂ ಕೈ ನಿಲ್ಲಿಸಿದರು. ಆ ಮೌನ ಎಷ್ಟು ಸವಿಯಾಗಿತ್ತು ಎಂದರೆ ಮುಂದಿನ ಸ್ವರಕ್ಕೆ ಹೋಗಲು ಮನಸ್ಸೇ ಬರಲಿಲ್ಲ.

ಆ ಮೌನದಲ್ಲಿ ಯಾರೋ ಸೀನಿದರು.

ಕಣ್ಣು ಬಿಟ್ಟೆ. ಮಂಟಪದಲ್ಲಿ ಮದುಮಗ ತಾಳಿಯ ಕೊನೆಯ ಗಂಟು ಹಾಕುತ್ತಿದ್ದ. ಪುರೋಹಿತರು ನನ್ನ ಕಡೆ ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಮುಂದಿನ ಸಾಲಿನವರು ಅಕ್ಷತೆ ಎರಚಿದ್ದರು. ಹಿಂದಿನ ಸಾಲುಗಳಲ್ಲಿ ಜನ ಮುಷ್ಟಿಯಲ್ಲಿ ಅಕ್ಷತೆ ಹಿಡಿದುಕೊಂಡು, ಈಗಲೋ ಆಮೇಲೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಭುಜ ಎತ್ತಿದೆ. ಢಾಕು ಗುಡುಗಿತು, ನಾನೂ ಊದಿದೆ. ಗಟ್ಟಿಮೇಳ ಜೋರಾಗಿಯೇ ಆಯಿತು, ಆದರೆ ತಾಳಿ ಆಗಲೇ ಕಟ್ಟಿ ಆಗಿತ್ತು.

ಢಾಕಿ ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು, “ದಾದಾ, ಪುರುತ್ ಕೈ ಎತ್ತಿದ್ದನ್ನು ನಾನು ನೋಡಿದ್ದೆ. ಎರಡು ಸಲ ಕೂಗಿದರು ಕೂಡ. ನೀವು ನಿಮ್ಮನ್ನೇ ನೋಡುತ್ತಿರಲು ಹೇಳಿದ್ದಿರಿ.” ಅವರ ದನಿಯಲ್ಲಿ ದೂರು ಇರಲಿಲ್ಲ. ಅಪ್ಪಣೆ ಪಾಲಿಸಿದವರ ಸಂಕಟವಷ್ಟೇ ಇತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮದುಮಗಳ ತಂದೆ ಬಂದು, “ಪರವಾಗಿಲ್ಲ ಸರ್, ಈಗಿನ ಕಾಲದಲ್ಲಿ ಅದನ್ನೆಲ್ಲ ಯಾರು ನೋಡ್ತಾರೆ” ಎಂದು ಕೈ ಕುಲುಕಿದರು. ಅವರ ಕಣ್ಣು ಮಾತ್ರ ನನ್ನ ಭುಜದ ಆಚೆ ಎಲ್ಲೋ ಇತ್ತು. ಮೊದಲ ಪಂಕ್ತಿಯಲ್ಲಿ, ಗಂಡಿನ ಕಡೆಯ ಹಿರಿಯರ ಪಕ್ಕದಲ್ಲೇ ನನ್ನನ್ನು ಕೂರಿಸಿ ಬಡಿಸಿದರು. ಬಿಸಿ ಬಿಸಿ ಪಾಯಸ, ಮೇಲೆ ಗೋಡಂಬಿ. ಎಲೆಯನ್ನು ಹಾಗೆಯೇ ಮಡಚಿ ಎದ್ದೆ.

ಹೊರಡುವ ಮೊದಲು ಅಜ್ಜಿಯನ್ನು ಹುಡುಕಿಕೊಂಡು ಹೋದೆ. ಒಳಕೋಣೆಯ ಕುರ್ಚಿಯಲ್ಲಿ ಒಬ್ಬರೇ ಕುಳಿತಿದ್ದರು. “ಅಮ್ಮಾ, ದೊಡ್ಡ ತಪ್ಪಾಯ್ತು” ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

“ನೀವು ದುಡ್ಡಿಗೆ ಬಂದವರಾಗಿದ್ದರೆ ಈಗ ನಿಮಗೆ ಸಮಾ ಬೈತಿದ್ದೆ. ನೀವು ಖುಷಿಗೆ ಬಂದವರು. ನಿಮಗೆ ನಾನು ಎಂತ ಹೇಳುವುದು? ಊಟ ಆಯ್ತಾ?” ಎಂದರು.

ಬೈದಿದ್ದರೆ ಒಂದು ವಾರದಲ್ಲಿ ಮರೆತುಬಿಡುತ್ತಿದ್ದೆನೋ ಏನೋ. ಊಟ ಆಯ್ತಾ ಎಂದದ್ದು ಮರೆಯಲಾಗಲಿಲ್ಲ. ಮನೆಗೆ ಬರುವ ಟ್ಯಾಕ್ಸಿಯಲ್ಲಿ ಖಿದಿರ್‌ಪುರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಕುಳಿತಾಗ ಹೆಂಡತಿಯೂ ಒಂದು ಮಾತು ಆಡಲಿಲ್ಲ. ಅವಳು ಸುಮ್ಮನಿದ್ದಾಳೆ ಎಂದರೆ ವಿಷಯ ಸಣ್ಣದಲ್ಲ.

ಮರುದಿನ ಅವಳು ಫೋನಿನಲ್ಲಿ ತೆಗೆದ ವಿಡಿಯೋ ತೋರಿಸಿದಳು. ಬೇಡ ಬೇಡ ಎನ್ನುತ್ತಲೇ ನೋಡಿದೆ. ಕಣ್ಣು ಮುಚ್ಚಿಕೊಂಡು, ಸೊಂಟದಿಂದ ಮೇಲಕ್ಕೆ ತೂಗಾಡುತ್ತಾ, ಮುಖದಲ್ಲಿ ಒಂದು ಪರಮಾನಂದ ಹೊತ್ತುಕೊಂಡು ಒಬ್ಬ ಮುದುಕ ಊದುತ್ತಿದ್ದಾನೆ. ಅವನ ಪಕ್ಕಕ್ಕೆ, ಮಂಟಪದಲ್ಲಿ ಪುರೋಹಿತರ ಕೈ ಮೇಲೆದ್ದು ತಿರುಗುತ್ತಿದೆ, ತಿರುಗುತ್ತಲೇ ಇದೆ. ಯಾರೋ ಎದ್ದು ನಿಂತು ಎರಡೂ ಕೈ ಬೀಸುತ್ತಿದ್ದಾರೆ. ಅವನಿಗೆ ಗೊತ್ತೇ ಇಲ್ಲ. ನನ್ನ ಬಗ್ಗೆ ನಾನೇ ಅಷ್ಟು ಅಸಹ್ಯಪಟ್ಟುಕೊಂಡದ್ದು ಅದೇ ಮೊದಲು.

“ನುಡಿಸಿದ್ದು ಮಾತ್ರ ಭಾರಿ ಚಂದ ಉಂಟು” ಎಂದಳು ಹೆಂಡತಿ. ಅದು ಇನ್ನೂ ಉರಿಸಿತು.

ಕಂಟ್ರಾಕ್ಟರಿಗೆ ನಾನೇ ಫೋನ್ ಮಾಡಿದೆ. ನನ್ನ ತೀರ್ಮಾನ ಇನ್ನೂ ಆಗಿಲ್ಲ ಎಂದು ಏನೋ ಪೀಠಿಕೆ ಹಾಕುತ್ತಿದ್ದೆ. ಅವರು ನಡುವೆಯೇ ತಡೆದರು. “ಸಾರ್, ತಪ್ಪು ತಿಳ್ಕೋಬೇಡಿ. ನೀವು ದೊಡ್ಡ ಕಲಾವಿದರು. ನನಗೆ ಬೇಕಾಗಿರೋದು ಊದೋರು. ಸೀಸನ್ನಿಗೆ ಮದ್ರಾಸಿನವರನ್ನೇ ಬುಕ್ ಮಾಡಿಬಿಟ್ಟೆ.” ಫೋನ್ ಇಟ್ಟೆ. ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ಎಂದು ಒಂದು ತಿಂಗಳು ಒದ್ದಾಡಿದ್ದೆನಲ್ಲ, ಆ ಪ್ರಶ್ನೆಯನ್ನು ಈಗ ಯಾರೂ ನನ್ನನ್ನು ಕೇಳುತ್ತಲೇ ಇರಲಿಲ್ಲ.

ಅಪ್ಪ ಮಂಗಳೂರಿನಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ತೊಂಬತ್ತರ ಹತ್ತಿರ ವಯಸ್ಸು. ಹಲ್ಲು ಹೋದ ಮೇಲೆ ಊದುವುದನ್ನು ಬಿಟ್ಟರು. ಕಿವಿ, ನಾಲಗೆ ಎರಡೂ ಇನ್ನೂ ಚುರುಕು. ನಾಲ್ಕು ದಿನ ತಡೆದು, ಐದನೆಯ ದಿನ ಅವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಮುಗಿಯುವವರೆಗೆ ಹೂಂಗುಟ್ಟಿದರು.

“ಸೀನಿದ್ದು ಯಾರು? ಗಂಡಿನ ಕಡೆಯವರಾ?”

“ಅದೆಲ್ಲ ನನಗೆ ಹೇಗೆ ಗೊತ್ತಪ್ಪ!”

“ಗೊತ್ತಾಗ್ಬೇಕು. ಕಣ್ಣು ಮುಚ್ಚಿದ್ದಿಯಾ?”

ಕಣ್ಣು ಮುಚ್ಚಿದ ಸಂಗತಿಯನ್ನು ಮಾತ್ರ ನಾನು ಅವರಿಗೆ ಹೇಳಿರಲಿಲ್ಲ. ಹೌದು ಎಂದೆ. ಆ 'ಹೌದು' ಬಾಯಿಂದ ಬಂದಾಗಲೇ ನನಗೆ ಹೊಳೆಯಿತು: ಅಷ್ಟು ಮದುವೆಗಳಲ್ಲಿ ಅವರ ಪಕ್ಕದಲ್ಲಿ ಕುಳಿತು ತಾಳ ಹಾಕಿದ್ದೇನೆ, ಒಂದು ದಿನವೂ ಅಪ್ಪ ಕಣ್ಣು ಮುಚ್ಚಿ ಊದಿದ್ದನ್ನು ನೋಡಿಲ್ಲ. ಅವರ ಕಣ್ಣು ಯಾವಾಗಲೂ ಮಂಟಪದ ಮೇಲೆ. ಅವರು ಅನುಭವಿಸಿ ನುಡಿಸುವುದಿಲ್ಲ, ಬರೀ ಹೊಟ್ಟೆಪಾಡಿಗೆ ನುಡಿಸುತ್ತಾರೆ ಎಂದು ಹರೆಯದಲ್ಲಿ ನಾನು ಅವರನ್ನು ಒಳಗೊಳಗೇ ಹಗುರವಾಗಿ ಕಂಡದ್ದೂ ಉಂಟು.

“ಅಪ್ಪ, ನಿಮಗೆ ಊದುವಾಗ ಖುಷಿ ಆಗ್ತಿರಲಿಲ್ವಾ?” ಎಂದು ಕೇಳಿದೆ.

“ಮದುವೆಮನೆಯಲ್ಲಿ ಖುಷಿಪಡ್ಲಿಕ್ಕೆ ಐನೂರು ಜನ ಇರ್ತಾರೆ ಮಗಾ. ನಾನೂ ಖುಷಿಪಡ್ಲಿಕ್ಕೆ ಕೂತರೆ ಭಟ್ರ ಕೈ ನೋಡುವವರು ಯಾರು?”

ನನಗೆ ರೇಗಿತು. “ಹಾಗಾದರೆ ನನಗೆ ಯಾಕೆ ಖುಷಿಗೆ ಇರ್ಲಿ ಅಂದಿರಿ? ನೀವೇ ಅಲ್ವಾ ಹೇಳಿದ್ದು?”

“ನಾನೇ ಹೇಳಿದ್ದು. ಖುಷಿಗೆ ಊದುವವನು ಮನೆ ತಾರಸಿಯಲ್ಲಿ ಊದ್ಬೇಕು. ಮದುವೆಗೆ ಯಾಕೆ ಹೋದಿ? ಅದು ಕೆಲಸ ಅಲ್ವಾ?” ಎಂದರು. ಆಮೇಲೆ ಹೇಳಿದರು: “ಖುಷಿ ಆಗ್ತಿತ್ತು. ವಾಪಸು ಬರುವಾಗ, ಬಸ್ಸಲ್ಲಿ ಆಗ್ತಿತ್ತು.”

ಅದಾದ ಮೇಲೆ ಒಂದೆರಡು ವಾರ ನಾನು ಸರಿಯಾಗಿ ಉಣ್ಣಲಿಲ್ಲ, ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಛಾದಿಗೆ ಹೋಗಿ ಊದಲು ನೋಡಿದೆ. ಮಾಶಿಮಾ ಕುರ್ಚಿ ಹಾಕಿಸಿಕೊಂಡು ಬಂದರು. ಅವರ ಎದುರು ಕಣ್ಣು ತೆರೆದೇ ಊದಿದೆ. ಆನಂದಭೈರವಿಗೆ ಜೀವ ಬರಲಿಲ್ಲ. ಕಣ್ಣು ಮುಚ್ಚಿದರೆ ಆ ತಿರುಗುವ ಕೈ. ಇತ್ತ ಕೆಲಸವೂ ಇಲ್ಲ, ಅತ್ತ ಖುಷಿಯೂ ಇಲ್ಲ ಎಂಬಂತಾಯಿತು. ದುಡ್ಡು ಬೇಡ ಎಂದು ನಾನು ಮೆರೆದದ್ದೆಲ್ಲ ಬರೀ ಔದಾರ್ಯವಾಗಿರಲಿಲ್ಲ. ದುಡ್ಡು ತೆಗೆದುಕೊಳ್ಳದವನನ್ನು ಯಾರೂ ಏನೂ ಕೇಳುವ ಹಾಗಿಲ್ಲ, ಆ ಸೌಕರ್ಯ ನನಗೆ ಬೇಕಾಗಿತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಒಂದು ದಿನ ಮಾರುಕಟ್ಟೆಯಲ್ಲಿ ಆ ಎಂಜಿನಿಯರರ ಹೆಂಡತಿ ಸಿಕ್ಕು, ಮಾಘದಲ್ಲಿ ಎರಡನೆಯ ಮಗಳ ಮದುವೆಯೂ ನಿಶ್ಚಯವಾಗಿದೆ ಎಂದು ನನ್ನ ಹೆಂಡತಿಗೆ ಹೇಳಿದರಂತೆ. “ಓಲಗದ ಮಾತೇ ಎತ್ತಲಿಲ್ಲ ನೋಡಿ” ಎಂದಳು ಹೆಂಡತಿ, ತರಕಾರಿ ಚೀಲ ಇಳಿಸುತ್ತಾ. ಮರುದಿನ ಬೆಳಿಗ್ಗೆ ನಾನು ಬಸ್ಸು ಹತ್ತಿ ಗಾರ್ಡನ್ ರೀಚಿಗೆ ಹೋದೆ. ದಾರಿಯಲ್ಲಿ ಎರಡು ಸಲ ಇಳಿದುಬಿಡೋಣ ಅನ್ನಿಸಿತ್ತು.

ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದರು. ನದಿಯ ಕಡೆಗಿನ ಬಾಲ್ಕನಿಯಲ್ಲಿ ಕಾಲು ಚಾಚಿ ಕುಳಿತು ಬಸಳೆ ಬಿಡಿಸುತ್ತಿದ್ದರು. ನನ್ನನ್ನು ನೋಡಿ, “ಓ, ನೀವಾ? ಬನ್ನಿ. ಮಗ ಆಫೀಸಿಗೆ ಹೋಗಿದ್ದಾನೆ” ಎಂದರು.

“ನಿಮ್ಮ ಹತ್ತಿರವೇ ಮಾತಾಡ್ಲಿಕ್ಕೆ ಬಂದದ್ದು ಅಮ್ಮಾ. ಮಾಘದಲ್ಲಿ ಚಿಕ್ಕ ಮೊಮ್ಮಗಳ ಮದುವೆಯಂತೆ. ಓಲಗಕ್ಕೆ ನಾನು ಬರ್ತೇನೆ.”

ಅವರು ಬಸಳೆಯಿಂದ ತಲೆಯೆತ್ತಲಿಲ್ಲ. “ಖುಷಿಗಾ?” ಎಂದರು.

“ಅಲ್ಲ. ದುಡ್ಡು ಕೊಡ್ಬೇಕು.”

ಈಗ ತಲೆಯೆತ್ತಿದರು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಕೈಯಲ್ಲಿದ್ದ ದಂಟನ್ನು ತಟ್ಟೆಯಲ್ಲಿಟ್ಟು, “ಎಷ್ಟು ತಗೊಳ್ತೀರಿ?” ಎಂದು ಕೇಳಿದರು.

ಬ್ಯಾಂಕಿನಲ್ಲಿ ಎಷ್ಟೋ ಜನರ ಎಷ್ಟೆಷ್ಟೋ ಸಾಲಕ್ಕೆ ಸಹಿ ಹಾಕಿದ ಮನುಷ್ಯ ನಾನು. ಈ ಪ್ರಶ್ನೆಗೆ ಉತ್ತರ ಯೋಚಿಸಿಕೊಂಡೇ ಬಂದಿರಲಿಲ್ಲ. ತಡವರಿಸಿ ಏನೋ ಒಂದು ಮೊತ್ತ ಹೇಳಿದೆ.

“ಅಯ್ಯೋ ದೇವರೇ! ಅಷ್ಟೆಲ್ಲ ಆಗುದಿಲ್ಲ. ಹೋದ ಸಲ ಹಾಳು ಮಾಡಿದವರು ನೀವು” ಎಂದು ಅವರು ಅದರ ಅರ್ಧಕ್ಕಿಂತ ಕಡಿಮೆ ಹೇಳಿದರು.

“ಅಮ್ಮಾ, ಢಾಕಿನವರಿಗೂ ಕೊಡ್ಬೇಕಲ್ಲ.”

“ಅವರಿಗೆ ಕೊಡಿ. ಅವರದ್ದೇನು ತಪ್ಪು? ಅವರು ಸರಿಯಾಗಿ ಬಾರಿಸಿದ್ದಾರೆ.”

ಹೀಗೆ ಎಳೆದಾಡಿ ಎಳೆದಾಡಿ ಒಂದು ಕಡೆ ನಿಂತೆವು. ನನ್ನ ಕಿವಿಗಳು ಕೆಂಪಾಗಿದ್ದವು. ಅಪ್ಪ ಇಂಥ ಚೌಕಾಸಿಯನ್ನು ಎಷ್ಟು ಮನೆಗಳ ಜಗಲಿಯಲ್ಲಿ ನಿಂತು ಮಾಡಿದ್ದರೋ. ಆದರೂ ಸುಳ್ಳು ಹೇಳುವುದಿಲ್ಲ, ಅಜ್ಜಿ ನನ್ನ ಬೆಲೆ ಇಳಿಸುತ್ತಿದ್ದಷ್ಟು ಹೊತ್ತೂ ನನಗೆ ಒಳಗೊಳಗೆ ಸಮಾಧಾನವಾಗುತ್ತಿತ್ತು.

ಅಜ್ಜಿ ಎದ್ದು ಒಳಗೆ ಹೋಗಿ, ವೀಳ್ಯದೆಲೆಯ ಮೇಲೆ ಒಂದು ನೋಟು ಇಟ್ಟುಕೊಂಡು ಬಂದರು. ಮುಂಗಡ. ಎರಡೂ ಕೈ ಒಡ್ಡಿ ತೆಗೆದುಕೊಂಡೆ. ಅವರು ಮತ್ತೆ ತಮ್ಮ ಜಾಗದಲ್ಲಿ ಕುಳಿತು, ಸೆರಗು ಸರಿ ಮಾಡಿಕೊಂಡು, ಬೈಯಲು ಶುರು ಮಾಡಿದರು.

“ಅಲ್ಲ, ನಿಮಗೆ ಸ್ವಲ್ಪವಾದರೂ ಜವಾಬ್ದಾರಿ ಬೇಡವಾ? ಊರು ಬಿಟ್ಟು ಎಷ್ಟು ವರ್ಷ ಆಯ್ತು ನನಗೆ, ಆ ಒಂದು ಗಟ್ಟಿಮೇಳ ಕೇಳ್ಲಿಕ್ಕೆ ಅಂತ ಜೀವ ಹಿಡ್ಕೊಂಡು ಕೂತಿದ್ದೆ. ಸೀನಿದ್ದು ಕೇಳಿ ಆ ಹುಡುಗಿ ಹೇಗೆ ಬೆಚ್ಚಿಬಿದ್ದಳು ಗೊತ್ತುಂಟಾ ನಿಮಗೆ? ಇವತ್ತಿಗೂ ಅವಳ ಫೋನ್ ಬರುವುದು ತಡವಾದರೆ ನನಗೆ ಎದೆ ಹೊಡ್ಕೊಳ್ತದೆ. ಯಾರಿಗೆ ಹೇಳುವುದು ನಾನು ಇದನ್ನು?”

ಅಷ್ಟು ವಾರಗಳಿಂದ ಒಳಗಿಟ್ಟುಕೊಂಡದ್ದನ್ನೆಲ್ಲ ಬೈದರು. ಬೈಯುತ್ತಾ ಬೈಯುತ್ತಾ ಅತ್ತರು, ಅತ್ತು ಮತ್ತೆ ಬೈದರು. ನಾನು ನಿಂತುಕೊಂಡೇ ಪೂರ್ತಿ ಕೇಳಿದೆ. ಒಂದು ಮಾತೂ ಎದುರಾಡಲಿಲ್ಲ, ದುಡ್ಡು ತೆಗೆದುಕೊಂಡಿದ್ದೆನಲ್ಲ.